ಕಮಾನು ಬಿಚ್ಚೂದರೊಳಗ

ನಮ್ಮ ಗುಂಪಿನವರಿಗೆ ಯಾವುದೂ ಸರಳ ಆಗಿದ್ದು ನನಗ ನೆನಪಿಲ್ಲ. ಬ್ಯಾರೇ ಮಂದಿ ಈಜತಾರ, ಸೈಕಲ್ ಹೊಡೀತಾರ, ಓಡತಾರ, ಮನಿಗೆ ಹೋಗಿ ಉಂಡು ಮಲಗತಾರ. ನಾವು ರೇಸಿಗೆ ಹೋದ್ವಿ ಅಂದ್ರ ಒಂದಿಲ್ಲೊಂದು ಆಗೇ ತೀರತೈತಿ. ಅದಕ್ಕ ಪ್ರತಿ ವರ್ಷ ಕೊನೀ ರೇಸ್ ಮುಗಿದ ಮುಂದಿನ ಐತಾರ ಬೈರಿದೇವರಕೊಪ್ಪದ ಖಾನಾವಳಿಯೊಳಗ ಎಲ್ಲಾರೂ ಕೂಡತೇವಿ. ಬಿಸಿ ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು. ಯಾರು ಎಷ್ಟನೇ ನಂಬರ್ ಬಂದ್ರು ಅನ್ನೂದು ಎರಡನೇ ರೊಟ್ಟಿಗೆ ಮರತು ಹೋಗತೈತಿ. ಯಾರು ಏನ್ ಫಜೀತಿ ಮಾಡ್ಕೊಂಡ್ರು ಅನ್ನೂದು ಮಾತ್ರ ಕೈ ತೊಳಕೊಂಡ ಮ್ಯಾಲೂ ಮುಗಿಯಂಗಿಲ್ಲ.

ಈಗ ನಾ ಹೇಳೂದು ನಮ್ಮ ಮೊದಲನೇ ವರ್ಷದ ಮಾತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿದ್ವು. ನಾ ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನ್ಯಾಗ ವಿಜ್ಞಾನ ಕಲಸಾಕಿ, ವಯಸ್ಸು ನಲವತ್ತೊಂದು. ಮುಂಜಾನೆ ಲೇಡೀಸ್ ಟೈಮಿನ್ಯಾಗ ಈಜುಗೊಳಕ್ಕ ಹೋಗ್ತಿದ್ದೆ. ಅಲ್ಲಿ ಡಾಕ್ಟರ್ ಬಾಯಿ ಬರ್ತಿದ್ರು, ಬ್ಯಾಂಕಿನಾಕಿ ಒಬ್ಬಾಕಿ ಬರ್ತಿದ್ಲು. ಆಮ್ಯಾಲ ಆ ಖಾನಾವಳಿ ನಡಸೂ ಅಕ್ಕ ಬಂದ್ಲು. ಆಕಿಗೆ ದಿನಾ ರೊಟ್ಟಿ ಬಡದು ಸೊಂಟ ಹಿಡದಿತ್ತು. ಡಾಕ್ಟರ್ ಬಾಯಿ ಚೀಟಿ ಮ್ಯಾಲ ಗುಳಿಗಿ ಬರಿಯೂದು ಬಿಟ್ಟು 'ಈಜು' ಅಂತ ಬರದುಕೊಟ್ಟಿದ್ರು. ಆಕಿ ಆ ಚೀಟಿ ತಗೊಂಡು ಮೊದಲ ಔಷಧ ಅಂಗಡಿಗೆ ಹೋಗಿ ಕೇಳಿದ್ದಳಂತ.

ನಮ್ಮ ಸಾಲ್ಯಾಗ ರಿಟೈರ್ ಆಗಿದ್ದ ಪಿ.ಟಿ. ಮಾಸ್ತರು ಒಂದಿನ ನಮ್ಮನ್ನೆಲ್ಲಾ ಕೂಡಿಸಿ ಟ್ರೈಯಥ್ಲಾನ್ ಅಂದ್ರೇನು ಅಂತ ತಿಳಿಸಿ ಹೇಳಿದ್ರು. "ಮೊದಲ ಈಜೂದು. ಹಸಿ ಮೈಲೇ ಸೈಕಲ್ ಹತ್ತೂದು. ಸೈಕಲ್ ಇಳದ ಕೂಡಲೇ ಓಡೂದು."

"ಇಷ್ಟೆಲ್ಲಾ ಮಾಡಿ ಕಡೀಕ ಎಲ್ಲಿಗೆ ಹೋಗಿ ಮುಟ್ಟತೇವ್ರಿ?" ಅಂದ್ಲು ಖಾನಾವಳಿ ಅಕ್ಕ.

"ಹೊಂಟಲ್ಲಿಗೇ."

"ಹಂಗಾರ ಹೋಗೂದ್ಯಾಕ್ರಿ?"

ಮಾಸ್ತರು ಹೆಸರು ಬರಿಯೂ ಹಾಳಿ ಮುಂದ ಸರಿಸಿದ್ರು. ನಾವೆಲ್ಲಾ ಹೆಸರು ಬರಸಿದ್ವಿ. ಇನ್ನೂ ನಾಲ್ಕು ಮಂದಿ ಸಿಕ್ಕು ಎಂಟು ಮಂದಿ ಹೆಣ್ಣುಮಕ್ಕಳು ಆದ್ವಿ. ದೀಪಾವಳಿಯಿಂದ ಯುಗಾದಿತನಕ ನಾಲ್ಕು ರೇಸು. ಒಬ್ಬೊಬ್ಬರು ಮೂರು ರೇಸ್ ಮಾಡಬೇಕು, ಒಂದರಾಗ ವಾಲಂಟಿಯರ್ ಆಗಿ ನಿಂತು ಉಳದವರ ಸೇವಾ ಮಾಡಬೇಕು. ಕೊನೀ ರೇಸಿಗೆ ಮಾತ್ರ ಎಲ್ಲಾರೂ ಓಡೂದು, ವಾಲಂಟಿಯರ್ ಮನೀ ಮಂದಿ.

ಬಾವ್ಯಾಗ ಕಲತದ್ದು

ಮೊದಲನೇ ರೇಸಿನ್ಯಾಗ ಈಜೂದು ಹತ್ತು ಸುತ್ತು. ಈ ದಂಡಿಯಿಂದ ಆ ದಂಡಿ, ಆ ದಂಡಿಯಿಂದ ಈ ದಂಡಿ. ಮಾಸ್ತರು ಸೀಟಿ ಊದಿದ್ರು. ನಾವೆಲ್ಲಾ ನೀರಿಗೆ ಇಳದ್ವಿ. ಖಾನಾವಳಿ ಅಕ್ಕ ಎರಡೂ ಕಾಲು ಮಡಚಿ ಮ್ಯಾಲಿಂದ ಧಪ್ಪಂತ ಬಿದ್ಲು. ದಂಡ್ಯಾಗ ಕುಂತು ಸುತ್ತು ಎಣಸಾಕತ್ತಿದ್ದ ಮಾಸ್ತರು ತೊಯ್ದು ತಪ್ಪಡಿ ಆದ್ರು.

ಆಕಿ ಹೋದ ಹೊಡತಕ್ಕ ನಾವು ಅರ್ಧಕ್ಕ ಬರೂದರೊಳಗ ಆಕಿ ಆ ದಂಡಿ ಮುಟ್ಟಿದ್ಲು. ಮುಟ್ಟಿ ಏನ್ ಮಾಡಿದ್ಲು? ಪಾವಟಿಗಿ ಹತ್ತಿ ಮ್ಯಾಲ ಬಂದ್ಲು, ಮುಖಾ ಒರಸಿಕೊಂಡ್ಲು, ಹೊಳ್ಳಿ ನಿಂತ್ಲು, ಮತ್ತ ಧಪ್ಪಂತ ಬಿದ್ಲು. ಹತ್ತೂ ಸುತ್ತು ಹಿಂಗ. ಮಾಸ್ತರು ಒದ್ದಿ ಹಾಳಿ ಹಿಡ್ಕೊಂಡು ದಂಡಿಗುಂಟ ಓಡಾಕತ್ತಿದ್ರು. "ಅಕ್ಕಾರ, ಮ್ಯಾಲ ಬರಬ್ಯಾಡ್ರಿ! ನೀರಾಗ ಹೊಳ್ಳರಿ!"

"ನೀರಾಗ ಹೆಂಗ್ರಿ ಹೊಳ್ಳೂದು? ದಂಡಿ ಮುಟ್ಟಿದ ಮ್ಯಾಲ ಪಾವಟಿಗಿ ಹತ್ತಬೇಕಲ್ಲ!"

ಆಕಿ ಈಜು ಕಲತದ್ದು ತವರುಮನೀ ಹೊಲದ ಬಾವ್ಯಾಗ. ಬಾವ್ಯಾಗ ದುಮುಕೂದು, ದಂಡಿ ಮುಟ್ಟೂದು, ಪಾವಟಿಗಿ ಹತ್ತೂದು, ಮತ್ತ ದುಮುಕೂದು. ಈಜು ಅಂದ್ರ ಅಷ್ಟ. ಹತ್ತು ಸಲ ಹತ್ತಿ ಹತ್ತು ಸಲ ಬಿದ್ರೂ ನೀರಿನಿಂದ ಹೊರಗ ಬಂದವರಾಗ ಆಕೀನ ಮೊದಲು. ಎರಡನೇ ರೇಸಿಗೆ ಮಾಸ್ತರು ರೂಲ್ಸಿನ ಹಾಳ್ಯಾಗ ಹೊಸಾದೊಂದು ಬರಸಿದ್ರು: 'ಎಣಸಾವರು ಛತ್ರಿ ತರತಕ್ಕದ್ದು.'

ಖಾಲಿ ಫ್ರೇಮು

ರೇಸ್ ಮುಗಿಯೂ ಜಾಗಾದಾಗ ಒಂದು ಕಮಾನು ಇರತಿತ್ತು. ಎರಡು ಬಿದಿರಿನ ಗಳಾ ನೆಟ್ಟು, ಮ್ಯಾಲ ಬಣ್ಣದ ಅರಿವಿ ಸುತ್ತಿ, 'ಸುಸ್ವಾಗತ' ಅಂತ ಬರದ ಹಲಗಿ ತೂಗಬಿಟ್ಟಿದ್ದು. ಮದವಿಗೆ ಕಟ್ಟೂ ಕಮಾನ ಅದು. ಪೆಂಡಾಲದಾಂವ ಮಾಸ್ತರ ಹಳೇ ವಿದ್ಯಾರ್ಥಿ, ಪುಕ್ಕಟ ಕೊಡತಿದ್ದ, ಆದ್ರ ಒಂದ ಮಾತು: ಹತ್ತಕ್ಕ ಬಿಚ್ಚತೇನಿ, ಮುಂದ ಮದವೀ ಮನಿಗೆ ಹೋಗಬೇಕು. ಕಮಾನಿನ ಕೆಳಗ ಓಡಿ ಬಂದವರದೆಲ್ಲಾ ಫೋಟೋದವರು ಒಂದೊಂದು ಫೋಟೋ ತಗೀತಿದ್ರು.

ಮೊದಲನೇ ರೇಸಿನ್ಯಾಗ ನಾ ಮುಟ್ಟೂದ್ರಾಗ ಹತ್ತು ಇಪ್ಪತ್ತು ಆಗಿತ್ತು. ಕಮಾನಿಲ್ಲ, ಫೋಟೋದವರಿಲ್ಲ. ಮಾಸ್ತರೊಬ್ಬರ ನಿಂತು ಚಪ್ಪಾಳಿ ಹೊಡದ್ರು.

ಮನ್ಯಾಗ ನಮ್ಮ ಅತ್ತಿಯವರು ಬಾಗಲಾಗ ಕುಂತಿದ್ರು. ಖರೇ ಹೇಳಬೇಕಂದ್ರ ನಾ ಓಡಾಕ ಹೊಂಟಿದ್ದ ಅವರ ಧೈರ್ಯದ ಮ್ಯಾಲ. ಓಣ್ಯಾಗಿನ ಹೆಣ್ಣುಮಕ್ಕಳು "ಈ ವಯಸ್ಸಿನಾಗ ನಿಮ್ಮ ಸೊಸಿಗೆ ಇದೇನ್ರಿ ಹುಚ್ಚು?" ಅಂದಾಗ "ಆಕಿ ಓಡಲಿ, ನಿಮ್ಮ ಕಾಲೇನ್ ನೋಯ್ತಾವ?" ಅಂದಿದ್ರು. ಅಷ್ಟಕ್ಕ ಬಿಡಲಿಲ್ಲ. ರೇಸಿನ ಹಿಂದಿನ ದಿನ ಸುಭಾಸ ರೋಡಿಗೆ ಹೋಗಿ, ಬಂಗಾರದ ಬಣ್ಣದ ದೊಡ್ಡ ಫ್ರೇಮ್ ತಂದು, ಪಡಸಾಲ್ಯಾಗ ಮಾವನವರ ಫೋಟೋದ ಬಾಜೂಕ ಮೊಳೆ ಹೊಡದು ಹಾಕಿಬಿಟ್ಟಿದ್ರು.

"ಫೋಟೋ ಎಲ್ಲೈತವಾ?"

"ಇಲ್ರಿ. ಮುಂದಿನ ಸಲ."

"ಇರಲಿ. ಫ್ರೇಮ್ ಏನ್ ಅನ್ನಾ ಕೇಳತೈತಿ? ಇರತೈತಿ."

ಅದು ಹಂಗ ಉಳೀತು. ಮನಿಗೆ ಬಂದವರೆಲ್ಲಾ ಮೊದಲ ಅದನ್ನ ನೋಡಾವ್ರು. ಒಬ್ಬರು ಹಳೇ ಪರಿಚಯದವರು ಮೆಲ್ಲಕ ಕೇಳಿದ್ರು, "ಏನ್ರೀ ಅವ್ವಾರ, ಫ್ರೇಮ್ ಖಾಲಿ ಐತಲ್ಲ, ಯಾರದಿದು?"

ಅತ್ತಿಯವರು ಚಹಾದ ಕಪ್ಪು ಮುಂದಿಟ್ಟು ಅಂದ್ರು, "ನಮ್ಮ ಸೊಸೀದ್ರಿ. ಇನ್ನೂ ಮುಟ್ಟಿಲ್ಲ ಆಕಿ."

ರಾಯಾಪುರದ ಪಾಲಕರು

ಎರಡನೇ ರೇಸಿಗೆ ನಾ ಗಟ್ಟಿ ಮನಸ್ಸು ಮಾಡಿದ್ದೆ. ಆ ಖಾಲಿ ಫ್ರೇಮ್ ನೋಡಿ ನೋಡಿ ಸಾಕಾಗಿತ್ತು. ಹತ್ತರೊಳಗ ಮುಟ್ಟಬೇಕು, ಅಷ್ಟ. ನೀರಾಗ ಛಲೋ ಹೋತು. ಸೈಕಲ್ ಧಾರವಾಡದಿಂದ ರಾಯಾಪುರಕ್ಕ, ಅಲ್ಲಿಂದ ಹೊಳ್ಳಿ ಧಾರವಾಡಕ್ಕ. ನನ್ನ ಸೈಕಲ್ಲು ಸಾಲಿಗೆ ಹೋಗೂ ಲೇಡೀಸ್ ಸೈಕಲ್ಲ, ಮುಂದ ಬುಟ್ಟಿ ಸೈತ ಬಿಚ್ಚಿರಲಿಲ್ಲ.

ರಾಯಾಪುರದಾಗ ಹೊಳ್ಳಿದೆ, ಒಂದು ಸ್ಕೂಟರ್ ಬಾಜೂಕ ಬಂತು. "ನಮಸ್ಕಾರ್ರೀ ಟೀಚರ್! ನಮ್ಮ ಹುಡುಗಿ ವಿಜ್ಞಾನದಾಗ ಹೆಂಗದಾಳ್ರಿ?"

ಪಾಲಕರು. ಸಾಲಿಗೆ ಕರದ್ರ ವರ್ಷಕ್ಕೊಮ್ಮೆ ಸೈತ ಬರಂಗಿಲ್ಲ ಇವರು. ಆದ್ರೂ ಕೇಳಿದ ಮ್ಯಾಲ ಹೇಳದ ಹೆಂಗಿರಲಿ? ಪೆಡಲ್ ತುಳಕೋತ "ಜಾಣಿ ಅದಾಳ್ರಿ, ಬರವಣಿಗಿ ಸುಧಾರಸಬೇಕು" ಅಂದೆ. ಅಷ್ಟು ಸಾಕಾಗಲಿಲ್ಲ. "ತಡೀರಿ ಟೀಚರ್, ಆಕಿ ಅವ್ವನೂ ಕೇಳಲಿ" ಅಂತ ಸ್ಕೂಟರ್ ಅಡ್ಡ ನಿಂದರಿಸಿದ್ರು. ಹಿಂದ ಆಕಿ ಅವ್ವ ಕುಂತಿದ್ಲು. ಆಕಿಗೆ ಜೀವಶಾಸ್ತ್ರದ್ದು ಬ್ಯಾರೆ, ಭೌತಶಾಸ್ತ್ರದ್ದು ಬ್ಯಾರೆ ಹೇಳಬೇಕಾತು. ಹುಡುಗಿ ಟಿ.ವಿ. ನೋಡತಾಳ, ಹಾಲು ಕುಡಿಯಂಗಿಲ್ಲ, ಅದೂ ಆತು. ಕಡೀಕ ಆ ಪಾಲಕರು ಕೈಗಡಿಯಾರ ನೋಡ್ಕೊಂಡು, "ಬರತೇವ್ರಿ ಟೀಚರ್, ನಿಮ್ಮ ಜೋಡಿ ಮಾತಾಡಕೋತ ನಮಗ ಭಾಳ ತಡಾ ಆತು" ಅಂದ್ರು.

ನಾ ಓಡಿ ಮುಟ್ಟೂದ್ರಾಗ ಕಮಾನು ಟೆಂಪೋದಾಗ ಮಲಗಿತ್ತು. ಪೆಂಡಾಲದಾಂವಗ ನನ್ನ ಮುಖಾ ನೋಡಿ ಕನಿಕರ ಬಂತು. "ಹತ್ರಿ ಟೀಚರ್, ನಿಮ್ಮ ಓಣಿ ಮ್ಯಾಲೇ ಹೋಗ್ತೇವಿ, ಮನೀ ಮುಂದ ಇಳಸ್ತೇವಿ" ಅಂದ. ಹತ್ತಿದೆ. 'ಸುಸ್ವಾಗತ' ಹಲಗಿ ತೊಡೀ ಮ್ಯಾಲ ಇಟ್ಕೊಂಡು ಮನಿಗೆ ಬಂದೆ.

ಅತ್ತಿಯವರು ಅಂಗಳಕ್ಕ ಬಂದು ಟೆಂಪೋದಾಗ ಇಣುಕಿ ನೋಡಿದ್ರು. "ಕಮಾನು ತಂದಿ, ಛಲೋ ಆತು. ಫೋಟೋದವರೆಲ್ಲದಾರ?"

ಕೆಂಪು ನಿಶಾನಿ

ಮೂರನೇ ರೇಸಿನ್ಯಾಗ ನಂದು ಸೇವಾ. ರಾಯಾಪುರದಾಗ ರಸ್ತಾದ ದಂಡಿಗೆ ಒಂದು ಮೇಜು, ಎರಡು ಕೊಡಾ ನೀರು, ಕೈಯಾಗ ಕೋಲಿಗೆ ಕಟ್ಟಿದ ಕೆಂಪು ನಿಶಾನಿ. ಸೈಕಲ್ಲಿನವರು ಬಂದ್ರ ನಿಶಾನಿ ಎತ್ತಿ 'ಇಲ್ಲಿ ಹೊಳ್ಳರಿ' ಅಂತ ತೋರಸೂದು, ನೀರು ಕೊಡೂದು, ನಂಬರ್ ಬರಕೊಳ್ಳೂದು.

ದೂರದಾಗ ಸೈಕಲ್ ಕಂಡ್ವು ಅಂತ ನಿಶಾನಿ ಎತ್ತಿದೆ. ಗಕ್ಕನ ಬಸ್ಸೊಂದು ಬಂದು ನಿಂತು ಬಾಗಲಾ ತಗೀತು. "ಹತ್ರೀ ಲಗೂ" ಅಂದ ಕಂಡಕ್ಟರ್. "ನಿಮಗಲ್ರೀ, ಸೈಕಲ್ಲಿನವರಿಗೆ" ಅಂದೆ. "ಸೈಕಲ್ ಬಸ್ಸಿನ ಮ್ಯಾಲ ಹಾಕೋಣೇನ್ರಿ?" ಅಂದ. ಅಷ್ಟರಾಗ ನೀರು ಕಂಡು ಒಬ್ಬ ಅಜ್ಜಾರು ಇಳದ್ರು. ಅಜ್ಜಾರ ಹಿಂದ ಇನ್ನೂ ನಾಲ್ಕು ಮಂದಿ. ಕಂಡಕ್ಟರೂ ಇಳದು ಒಂದು ಗ್ಲಾಸು ಕುಡದು, "ದೇವರು ಛಲೋ ಮಾಡಲಿ ನಿಮಗ" ಅಂತ ಹರಸಿ ಸೀಟಿ ಊದಿದ.

ಮುಂದಿನ ಸೈಕಲ್ಲಿಗೆ ನಿಶಾನಿ ಎತ್ತಿದೆ, ಮುಂದಿನ ಬಸ್ ನಿಂತಿತು. ಹಿಂಗ ಏಳು ಸೈಕಲ್ಲಿಗೆ ಆರು ಬಸ್ಸು. ಡಾಕ್ಟರ್ ಬಾಯಿ ಬರೂದ್ರಾಗ ಎರಡೂ ಕೊಡಾ ಬರಿದಾಗಿದ್ವು. ಅವರು ಬಾಯಿ ಒಣಗಿ, "ನೀರು?" ಅಂದ್ರು. ನಾ ಬಸ್ಸಿನ ಕಡೆ ಕೈ ಮಾಡಿ ತೋರಿಸಿದೆ. ಒಳಗಿಂದ ಒಬ್ಬಾಕಿ ಕಿಡಕ್ಯಾಗ ಕೈ ಹಾಕಿ ತನ್ನ ಬಾಟಲಿ ಕೊಟ್ಲು. ಡಾಕ್ಟರ್ ಬಾಯಿ ಕುಡದು ಬಾಟಲಿ ತಿರುಗಿ ಕೊಡೂತನಕ ಬಸ್ಸು ತಡದು ನಿಂತಿತ್ತು.

ಈ ಗದ್ದಲ ಕೇಳಿ ಮಾಸ್ತರು, "ಇನ್ನ ಹೈವೇ ಸಾಕು, ಕೊನೀ ರೇಸ್ ಹಳ್ಳೀ ಹಾದ್ಯಾಗ ಮಾಡೋಣ" ಅಂದ್ರು. ಎಂಟು ದಿವಸದ ಮ್ಯಾಲ ನಾ ಬಸ್ಸಿನ್ಯಾಗ ಹುಬ್ಬಳ್ಳಿಗೆ ಹೊಂಟಾಗ ನೋಡತೇನಿ, ನಾ ನಿಂತಿದ್ದ ಜಾಗಾದಾಗ ಮೂರು ಮಂದಿ ಗಂಟು ಹಿಡ್ಕೊಂಡು ನಿಂತಾರ. ಯಾಕ ಅಂತ ಕಿಡಕ್ಯಾಗಿಂದ ಕೇಳಿದೆ. ಒಬ್ಬರು ಅಂದ್ರು, "ಇಲ್ಲಿ ಹೊಸಾ ಸ್ಟಾಪ್ ಆಗೈತ್ರಿ. ಟೀಚರೊಬ್ಬರು ಬಡದಾಡಿ ಮಾಡಿಸ್ಯಾರಂತ."

ಮುಗದದ ಉಡಿ

ಉಳದದ್ದು ಒಂದ ರೇಸು. ಫ್ರೇಮ್ ಗ್ವಾಡಿ ಮ್ಯಾಲ ಇನ್ನೂ ಖಾಲಿ. ಹಬ್ಬಕ್ಕ ಸುಣ್ಣಾ ಹಚ್ಚುವಾಗ ಅತ್ತಿಯವರು ಅದನ್ನ ತಗದು, ಒರಸಿ, ಮತ್ತ ಅಲ್ಲೇ ಹಾಕಿದ್ರು. ನಾ ಬಚ್ಚಲಕ್ಕ ಹೋಗಿ ಒಂದೀಟು ಅತ್ತೆ, ಸುಳ್ಳ್ಯಾಕ ಹೇಳಲಿ. ಈ ಸಲನೂ ಹತ್ತರೊಳಗ ಮುಟ್ಟಲಿಲ್ಲಂದ್ರ ಇನ್ನೊಂದು ವರ್ಷ ಆ ಫ್ರೇಮಿನ ಮುಂದ ಊಟಾ ಮಾಡಬೇಕು.

ಕೊನೀ ರೇಸಿನ ಸೈಕಲ್ ಹಾದಿ ಧಾರವಾಡದಿಂದ ಮುಗದಕ್ಕ, ಹೊಳ್ಳಿ ಧಾರವಾಡಕ್ಕ. ಮುಗದ ನಮ್ಮ ಅತ್ತಿಯವರ ತವರು. "ಅಲ್ಲಿ ವಾಲಂಟಿಯರ್ ನಾ ಆಗತೇನಿ" ಅಂತ ಅವರೇ ಮಾಸ್ತರಿಗೆ ಹೇಳಿ ಕಳಿಸಿದ್ರು. ಮಾಸ್ತರು ಖುಷಿಯಾಗಿ ಒಂದು ಹಸರು ದಾರದ ಉಂಡಿ ಕೊಟ್ರು. ಮುಗದದಾಗ ಹೊಳ್ಳಿದವರ ಕೈಗೆ ದಾರ ಕಟ್ಟಬೇಕು, ದಾರ ಇದ್ದವರು ಅಷ್ಟ ಮುಟ್ಟಿದಂಗ ಲೆಕ್ಕ.

ಏಳಕ್ಕ ಶುರು ಆತು. ನೀರಿನಿಂದ ಎಂಟನೇದಾಕಿ ನಾ ಹೊರಗ ಬಂದೆ. ಎಂಟು ಮಂದ್ಯಾಗ ಎಂಟನೇದಾಕಿ. ಸೈಕಲ್ ಹತ್ತಿ ತುಳದೆ, ತುಳದೆ, ಮುಂದ ಯಾರೂ ಕಾಣವಲ್ರು. ಮುಗದ ಬಂತು. ಊರ ಬಾಗಲಾಗ ಏಳೂ ಸೈಕಲ್ ಸಾಲಾಗಿ ಗ್ವಾಡಿಗೆ ಒರಗಿದ್ವು. ಏನರ ಅಪಘಾತ ಆತೋ ಏನೋ ಅಂತ ಓಡಿ ಹೋದೆ.

ಅತ್ತಿಯವರ ತವರುಮನೀ ಕಟ್ಟಿ ಮ್ಯಾಲ ಜಮಖಾನಿ ಹಾಸಿತ್ತು. ಅದರ ಮ್ಯಾಲ ಏಳೂ ಮಂದಿ ಸಾಲಾಗಿ ಕುಂತಿದ್ರು. ಡಾಕ್ಟರ್ ಬಾಯಿ ಟೀ ಶರ್ಟಿನ ಅಂಚು ಎರಡೂ ಕೈಲೇ ಹಿಡದು ಉಡಿ ಒಡ್ಡಿದ್ರು. ಅತ್ತಿಯವರ ತಮ್ಮನ ಹೆಂಡತಿ ಅದರಾಗ ಅಕ್ಕಿ, ಬಟ್ಟಲ ಕೊಬ್ಬರಿ, ಉತ್ತತ್ತಿ, ಅರಿಷಿಣ ಕೊಂಬು, ಮ್ಯಾಲೊಂದು ಖಣ ಹಾಕಿ ಉಡಿ ತುಂಬಾಕತ್ತಿದ್ರು. ಖಾನಾವಳಿ ಅಕ್ಕಗ ತುಂಬಿ ಆಗಿತ್ತು, ಆಕಿ ಮುಂದ ಚುರಮರಿ ಸುಸಲಾ, ಮಿರ್ಚಿ ಭಜಿ ಇಟ್ಟಿದ್ರು. ಬ್ಯಾಂಕಿನಾಕಿ ಅಳೂ ದನಿ ಮಾಡಿ, "ಅವ್ವಾರ, ರೇಸ್ ಐತ್ರಿ, ದಾರ ಕಟ್ಟರಿ, ಹೋಗತೇವಿ" ಅನ್ನಾಕತ್ತಿದ್ಲು.

"ಓಡಾಕ ಬ್ಯಾಡ ಅಂದೆನೇನವಾ?" ಅಂದ್ರು ಅತ್ತಿಯವರು. "ಮೊದಲನೇ ಸಲ ನನ್ನ ತವರಿಗೆ ಬಂದೀರಿ. ಬಂದ ಹೆಣ್ಣುಮಕ್ಕಳನ್ನ ಉಡಿ ತುಂಬದ ಕಳಸಿದ್ರ ನಾಳೆ ಈ ಊರಾಗ ನಾ ಮುಖಾ ಹೆಂಗ ತೋರಸಲಿ? ಮೊದಲ ಉಡಿ, ಆಮ್ಯಾಲ ನಾಷ್ಟಾ, ಆಮ್ಯಾಲ ಚಹಾ. ಆಮ್ಯಾಲ ದಾರ."

ಉಡಿ ತುಂಬತೇನಿ ಅಂದವರಿಗೆ ಒಲ್ಲೆ ಅನ್ನೂ ಹೆಣ್ಣುಮಗಳು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ನಾನೂ ಸುಮ್ಮನ ಜಮಖಾನಿ ತುದಿಗೆ ಕೂಡಾಕ ಹೋದೆ.

"ಏ, ನೀ ಎಲ್ಲಿ ಕೂಡತಿ?" ಅಂತ ಅತ್ತಿಯವರು ನನ್ನ ರಟ್ಟಿ ಹಿಡದು ಎಬ್ಬಿಸಿದ್ರು. ಕೈಗೆ ಒಂದ ನಿಮಿಷದಾಗ ದಾರ ಕಟ್ಟಿದ್ರು. "ನೀ ಮನೀಯಾಕಿ, ನಿನಗೆಂಥಾ ಉಪಚಾರ! ಫ್ರೇಮ್ ಖಾಲಿ ಐತಿ ಮನ್ಯಾಗ. ನಡಿ ನಡಿ!"

ನಾ ನಡದೆ. ಜೀವನದಾಗ ಮೊದಲನೇ ಸಲ ನನ್ನ ಮುಂದ ಯಾರೂ ಇರಲಿಲ್ಲ, ಹಿಂದ ಮಿರ್ಚಿ ಭಜಿ ಕರಿಯೂ ವಾಸನಿ ಇತ್ತು. ಆ ಹಾದೀನ ಹೆಂಗ ತುಳದೆ ನನಗ ಗೊತ್ತಿಲ್ಲ. ಧಾರವಾಡದಾಗ ಸೈಕಲ್ ಇಳದು ಓಡಿದೆ. ಸಾಲಿ ಮುಂದ ಹಾದು, ಮೂಲಿ ಹೊಳ್ಳಿ, ಮೈದಾನದಾಗ ಬಂದು ಗಡಿಯಾರ ನೋಡಿದೆ. ಹತ್ತಕ್ಕ ಇನ್ನೂ ಐದು ನಿಮಿಷ ಇತ್ತು. ಮುಟ್ಟಿದೆ, ನನ್ನವ್ವಾ, ಮುಟ್ಟಿಬಿಟ್ಟೆ ಅಂತ ಕೈ ಮ್ಯಾಲೆತ್ತಿ ಮುಂದ ನೋಡತೇನಿ, ನೆಲದಾಗ ಎರಡು ಕುಣಿ. ಕುಣಿ ನಡುವ ಕುರ್ಚಿ ಹಾಕ್ಕೊಂಡು ಮಾಸ್ತರು ಪೇಪರ್ ಓದಾಕತ್ತಾರ.

"ಕಮಾನು ಎಲ್ರೀ?"

ಮಾಸ್ತರು ಪೇಪರ್ ಕೆಳಗ ಬಿಟ್ರು. "ಟೀಚರ್, ನೀವ್ಹೆಂಗ ಬಂದ್ರಿ?" ಅತ್ತಿಯವರ ತಮ್ಮ ಮುಗದದಿಂದ ಫೋನ್ ಮಾಡಿದ್ರಂತ: ಎಲ್ಲಾ ಬಾಯೇರೂ ನಾಷ್ಟಾಕ್ಕ ಕುಂತಾರ, ಹನ್ನೊಂದರೊಳಗ ಬರೂದು ಖರೇ ಇಲ್ಲ. ಅದನ್ನ ಕೇಳಿ ಪೆಂಡಾಲದಾಂವ, "ಹಂಗಾರ ಬೀಗರು ಬರೂ ಹೊತ್ತಿಗೆ ಮದವೀ ಮನ್ಯಾಗ ನಿಂದರಿಸಿ ತರತೇನಿ" ಅಂತ ಕಮಾನು ಒಯ್ದಿದ್ದ. ಫೋಟೋದವರೂ ಅದರ ಹಿಂದ ಹೋಗಿದ್ರು. ತಡಾ ಮಾಡಿ ಬಂದ್ರೂ ಕಮಾನಿಲ್ಲ, ಲಗೂ ಬಂದ್ರೂ ಕಮಾನಿಲ್ಲ. ನಾ ಆ ಕುಣಿ ಬಾಜೂಕ ಕುಂತುಬಿಟ್ಟೆ. ನಗಬೇಕೋ ಅಳಬೇಕೋ ತಿಳೀಲಿಲ್ಲ.

ಮಾಸ್ತರು ಗಾಡಿ ಹತ್ತಿ ಹೋಗಿ ಟೆಂಪೋನೂ ಫೋಟೋದವರನ್ನೂ ಹೊಳ್ಳಿ ತಂದ್ರು. ಪೆಂಡಾಲದಾಂವ ಒಂದು ಗಳಾ ನೆಟ್ಟ. ಇನ್ನೊಂದು ನೆಡಾಕ ಕೈ ಇಲ್ಲ, ಜೋಡೀದಾಂವ ಮದವೀ ಮನ್ಯಾಗ ಉಪ್ಪಿಟ್ಟಿಗೆ ಕುಂತಿದ್ದ. "ಟೀಚರ್, ಒಂದು ನಿಮಿಷ ಹಿಡೀರಿ, ಕಲ್ಲು ಬಡೀತೇನಿ" ಅಂದ. ನಾ ಎದ್ದು ಎರಡೂ ಕೈಲೇ ಗಳಾ ಅಪ್ಪಿ ಹಿಡದೆ. ಅಷ್ಟರಾಗ ಮೂಲ್ಯಾಗ ಬಂದ್ರು ನೋಡ್ರಿ ಏಳೂ ಮಂದಿ, ಉಡಿ ಟೊಂಕಕ್ಕ ಕಟ್ಕೊಂಡು, ಒಂದು ಕೈಲೇ ಕೊಬ್ಬರಿ ಹಿಡ್ಕೊಂಡು, ಹೊಟ್ಟಿ ಭಾರ ಆಗಿ, ತೇಗು ಬಿಟ್ಕೋತ. ಖಾನಾವಳಿ ಅಕ್ಕನ ಉಡ್ಯಾಗಿನ ಅಕ್ಕಿ ಹಾದೀಗುಂಟ ಉದರಿತ್ತು. "ಬಿಡಬ್ಯಾಡ್ರಿ ಟೀಚರ್, ಅವರ ಮ್ಯಾಲ ಬೀಳತೈತಿ!" ಅಂದ್ರು ಮಾಸ್ತರು. ನಾ ಬಿಡಲಿಲ್ಲ. ಏಳೂ ಮಂದಿ ಕಮಾನಿನ ಕೆಳಗ ಹಾದ್ರು. ಫೋಟೋದವರು ಕ್ಲಿಕ್ ಅನಿಸಿದ್ರು.

"ಈಗ ನಾ ಹಾಯ್ತೇನಿ, ಯಾರರ ಇದನ್ನ ಹಿಡೀರಿ!" ಅಂದೆ.

ಫೋಟೋದವರು ಕ್ಯಾಮೆರಾ ತಿರುವಿ ನೋಡಿದ್ರು. "ರೋಲ್ ಮುಗೀತ್ರಿ ಟೀಚರ್. ಮದವೀ ಮನ್ಯಾಗ ಬೀಗರು ಬಿಡಲಿಲ್ಲ."

ಮೊದಲನೇ ನಂಬರ್ ನಂದು ಅಂತ ಮಾಸ್ತರು ಮೆಡಲ್ ಹಾಕಿದ್ರು. ಡಾಕ್ಟರ್ ಬಾಯಿ ತೇಗಿ, "ಇದನ್ನ ನಿಮ್ಮ ಅತ್ತಿಯವರ ಕೊರಳಾಗ ಹಾಕ್ರಿ" ಅಂದ್ರು. ಮನಿಗೆ ಬಂದು ನಾ ಅತ್ತಿಯವರಿಗೆ ಕೇಳೇ ಬಿಟ್ಟೆ: "ಬೇಕಂತ ಮಾಡಿದ್ರೇನ್ರಿ?" ಅವರು ಅಕ್ಕಿ ಆರಸೂದು ಬಿಡದ, ಮುಖಾ ಸೈತ ಎತ್ತದ ಅಂದ್ರು, "ಉಡಿ ತುಂಬೂದು ತಪ್ಪೇನವಾ?"

ಫೋಟೋ ಬಂತು. ನಡುವ ಏಳು ಮಂದಿ ಕೈ ಎತ್ಯಾರ, ದಂಡಿಗೆ ನಾ, ಕೂದಲಾ ಕೆದರಿ, ಗಳಾ ಅಪ್ಕೊಂಡು ನಿಂತೇನಿ. "ಇದನ್ನ ಹಾಕಬ್ಯಾಡ್ರಿ, ಮುಂದಿನ ವರ್ಷ ಛಲೋದು ಬರತೈತಿ" ಅಂದೆ. ಅತ್ತಿಯವರು ಕೇಳಲಿಲ್ಲ, ಫ್ರೇಮಿಗೆ ಹಾಕಿದ್ರು, ಸೆರಗಲೇ ಗಾಜು ಒರಸಿದ್ರು. ಅವತ್ತ ಸಂಜೀಕ ಆ ಹಳೇ ಪರಿಚಯದವರು ಬಂದು ಭಾಳೊತ್ತು ನೋಡಿದ್ರು.

"ಇದರಾಗ ನಿಮ್ಮ ಸೊಸಿ ಯಾರ್ರೀ ಅವ್ವಾರ? ಈ ಓಡಿ ಬರಾಕತ್ತವರಾಗ?"

"ಅವರ್ಯಾರೂ ಅಲ್ರಿ, ಅವರೆಲ್ಲಾ ತಡಾ ಮಾಡಿ ಬಂದವರು," ಅಂದ್ರು ಅತ್ತಿಯವರು. "ಆ ಗಳಾ ಹಿಡದಾಳಲ್ಲ, ಆಕಿ. ಎಲ್ಲಾರಕಿಂತ ಮೊದಲ ಮುಟ್ಟಿ, ಅವರು ಬರೂದರೊಳಗ ಕಮಾನು ಕಟ್ಟಿ ಇಟ್ಟಾಳ."